ಮನ್ನಾ ಆದ ಸಾಲ ಯಾರ ಖಾತೆಗೆ?

ಗುಡ್ ಫ್ರೈಡೆ ಬಂತೆಂದರೆ ನಮ್ಮ ಹೌಸಿಂಗ್ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಯಾರಾದರೊಬ್ಬರು ಹೂವಿನ ಚಿತ್ರದ ಜೊತೆ ‘ಹ್ಯಾಪಿ ಗುಡ್ ಫ್ರೈಡೆ’ ಅಂತ ಹಾಕುತ್ತಾರೆ. ಇನ್ನೊಬ್ಬರು, ‘ಅಯ್ಯೋ, ಅದು ಶೋಕದ ದಿನ, ಹ್ಯಾಪಿ ಅನ್ನಬಾರದು’ ಅಂತ ತಿದ್ದುತ್ತಾರೆ. ‘ಹಾಗಾದ್ರೆ ಗುಡ್ ಯಾಕೆ ಸ್ವಾಮಿ?’ ಅಂತ ಮೂರನೆಯವರ ಪ್ರಶ್ನೆ. ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಅಷ್ಟರಲ್ಲಿ ನೀರಿನ ಟ್ಯಾಂಕರಿನ ವಿಷಯ ಶುರುವಾಗಿರುತ್ತದೆ!

ಆದರೆ ಆ ಮೂರನೆಯ ಪ್ರಶ್ನೆ ಸಣ್ಣದಲ್ಲ. ಒಬ್ಬ ನಿರಪರಾಧಿಯನ್ನು ಶಿಲುಬೆಗೆ ಮೊಳೆ ಹೊಡೆದು ಕೊಂದ ದಿನವನ್ನು ‘ಒಳ್ಳೆಯ ಶುಕ್ರವಾರ’ ಅಂತ ಯಾಕೆ ಕರೆಯಬೇಕು? ಅದರಿಂದ ಯಾರ ಪಾಪ ಹೇಗೆ ಪರಿಹಾರವಾಯಿತು?

ಮೊದಲೇ ಹೇಳಿಬಿಡುತ್ತೇನೆ, ನಾನು ಕ್ರಿಶ್ಚಿಯನ್ ಅಲ್ಲ. ದಕ್ಷಿಣ ಕನ್ನಡದ ಹಳ್ಳಿಯಿಂದ ಬಂದು ಮುಂಬೈಯಲ್ಲಿ ಮೂವತ್ತು ವರ್ಷಗಳ ಮೇಲಾಯಿತು. ಊರಲ್ಲೂ ಬೇಲಿಯಾಚೆ ಕೆಥೊಲಿಕರ ಮನೆ, ಇಲ್ಲೂ ಎದುರು ಬಾಗಿಲಲ್ಲಿ ಮಂಗಳೂರಿನ ಕೆಥೊಲಿಕರೇ. ಹಾಗಾಗಿ ಇದು ಬೇಲಿಯ ಈಚೆ ನಿಂತು ನೋಡಿದವನ ಮಾತು ಅಂದುಕೊಳ್ಳಿ. ಕನ್ನಡಕ್ಕೆ ಈ ಕಥೆಯೇನೂ ಹೊಸದಲ್ಲ ಬಿಡಿ. ಮಂಜೇಶ್ವರ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನದ ಮೇಲೆ ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನೇ ಬರೆದರು. ಅವರೂ ಬೇಲಿಯ ಈಚೆಯವರೇ ತಾನೆ?

ಕ್ರೈಸ್ತರ ಕ್ಷಮೆಯ ಬಗ್ಗೆ ನಮ್ಮ ಜನ ಸಾಮಾನ್ಯವಾಗಿ ಎರಡು ಮಾತು ಆಡುತ್ತಾರೆ. ಒಂದು, ‘ಅವರದ್ದು ಸುಲಭ ಮಾರಾಯ್ರೆ, ವಾರವಿಡೀ ಮಾಡಬಾರದ್ದು ಮಾಡಿ, ಇಗರ್ಜಿಗೆ ಹೋಗಿ ಪಾದ್ರಿಯ ಕಿವಿಯಲ್ಲಿ ಹೇಳಿದರೆ ಎಲ್ಲಾ ಸಾಫ್!’ ಎರಡನೆಯದು, ‘ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ಕೆನ್ನೆ ತೋರಿಸುವುದಂತೆ, ಅದು ಹೇಡಿತನ.’ ಮೊದಲನೆಯದು ತಪ್ಪು ಮಾಡಿದವನ ಬಗ್ಗೆ, ಎರಡನೆಯದು ಪೆಟ್ಟು ತಿಂದವನ ಬಗ್ಗೆ. ಎರಡರಲ್ಲೂ ಇರುವ ಎಣಿಕೆ ಒಂದೇ, ಕ್ಷಮೆ ಅಂದರೆ ಪುಕ್ಕಟೆ ಅಂತ.

ನನಗೆ ಅರ್ಥವಾದ ಮಟ್ಟಿಗೆ ಕ್ರೈಸ್ತ ಚಿಂತನೆಯ ಬುಡದಲ್ಲಿರುವುದು ಇದಕ್ಕೆ ಪೂರ್ತಿ ಉಲ್ಟಾ. ಕ್ಷಮೆಗೆ ಬೆಲೆ ಇದೆ, ಆ ಬೆಲೆ ತೆರುವವನು ಕ್ಷಮಿಸುವವನು. ಇದೊಂದು ತಲೆಗೆ ಹೊಕ್ಕರೆ ಶಿಲುಬೆಯ ಕಥೆ ಅರ್ಥವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನೊಂದವರಿಗೆ ‘ಕ್ಷಮಿಸಿಬಿಡು’ ಅಂತ ಉಪದೇಶ ಮಾಡುವ ಹಕ್ಕು ಯಾರಿಗಿಲ್ಲ ಅನ್ನುವುದೂ ಅರ್ಥವಾಗುತ್ತದೆ. ನಾನು ಹೇಳಹೊರಟಿರುವುದು ಈ ಎರಡನೆಯದನ್ನು.

ಸ್ವಲ್ಪ ಹಿಂದಿನಿಂದ ಬರೋಣ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಯಾಜಕಕಾಂಡ ಅಂತ ಒಂದು ಭಾಗ. ಅದರ ಹದಿನಾರನೆಯ ಅಧ್ಯಾಯದಲ್ಲಿ ಯಹೂದಿಗಳು ವರ್ಷಕ್ಕೊಮ್ಮೆ ಆಚರಿಸುವ ದೋಷಪರಿಹಾರದ ದಿನದ ವಿವರ ಇದೆ. ಎರಡು ಹೋತಗಳನ್ನು ತಂದು ಚೀಟಿ ಹಾಕುತ್ತಾರೆ. ಒಂದು ದೇವರಿಗೆ ಬಲಿ. ಇನ್ನೊಂದರ ತಲೆಯ ಮೇಲೆ ಮಹಾಯಾಜಕ ಎರಡೂ ಕೈಯಿಟ್ಟು ಇಡೀ ಜನಾಂಗದ ಪಾಪವನ್ನು ಒಪ್ಪಿಕೊಂಡು, ಆ ಹೊರೆ ಹೊರಿಸಿ ಅದನ್ನು ಕಾಡಿಗೆ ಅಟ್ಟುತ್ತಾನೆ. ಇದು ನಮಗೇನೂ ವಿಚಿತ್ರವಲ್ಲ. ಭೂತಕ್ಕೆ ಕೋಳಿ ಕೊಡುವ ಊರಿನಿಂದ ಬಂದವನು ನಾನು. ಮನುಷ್ಯ ಕೊಡುತ್ತಾನೆ, ದೈವ ತೆಗೆದುಕೊಳ್ಳುತ್ತದೆ, ಮನೆಗೆ ಕ್ಷೇಮ.

ಆದರೆ ಅದೇ ಬೈಬಲಿನೊಳಗೆ ಈ ವ್ಯವಹಾರದ ಬಗ್ಗೆ ತಕರಾರೂ ಇದೆ ನೋಡಿ. ಪ್ರವಾದಿ ಹೋಶೇಯ, ದೇವರಿಗೆ ಬೇಕಾದದ್ದು ಬಲಿಯಲ್ಲ, ಕರುಣೆ ಅಂದ. ಯೇಸು ಇನ್ನೂ ಖಡಕ್ಕು. ಕಾಣಿಕೆ ಹಿಡಿದು ಬಲಿಪೀಠದ ಮುಂದೆ ನಿಂತಾಗ ಯಾರಿಗೋ ನಿನ್ನ ಮೇಲೆ ಅಸಮಾಧಾನ ಇದೆ ಅನ್ನುವುದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನ ಜೊತೆ ಸರಿಮಾಡಿಕೊಂಡು ಬಾ ಅಂದರು. ಅಂದರೆ ಮನುಷ್ಯನಿಗೆ ಮಾಡಿದ ಅನ್ಯಾಯವನ್ನು ದೇವರ ಕೌಂಟರಿನಲ್ಲಿ ಸೆಟ್ಲ್ ಮಾಡಿಕೊಂಡು ಹೋಗುವ ಹಾಗಿಲ್ಲ!

ಇನ್ನು ಸಾಲದ ವಿಷಯ. ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಪದ ಬಳಕೆಯಲ್ಲಿತ್ತು. ನಮ್ಮ ‘ಋಣ’ ಅನ್ನುವ ಮಾತನ್ನು ನೆನಪಿಸಿಕೊಳ್ಳಿ. ಮತ್ತಾಯನ ಸುವಾರ್ತೆಯಲ್ಲಿ ಒಂದು ಕಥೆ ಬರುತ್ತದೆ. ಒಬ್ಬ ಸೇವಕ ರಾಜನಿಗೆ ಹತ್ತು ಸಾವಿರ ತಲಾಂತು ಬಾಕಿ ಇರುತ್ತಾನೆ. ಒಂದು ತಲಾಂತು ಅಂದರೆ ಸುಮಾರು ಆರು ಸಾವಿರ ದಿನದ ಕೂಲಿ. ಲೆಕ್ಕ ಹಾಕಿ, ಒಟ್ಟು ಆರು ಕೋಟಿ ದಿನದ ಕೂಲಿಯಾಯಿತು! ಕಾಲಿಗೆ ಬಿದ್ದ ಅಂತ ರಾಜ ಅಷ್ಟನ್ನೂ ಮನ್ನಾ ಮಾಡುತ್ತಾನೆ. ಈ ಮಹಾಶಯ ಹೊರಗೆ ಬಂದು, ತನಗೆ ನೂರು ದಿನದ ಕೂಲಿಯಷ್ಟು ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆ ಹಿಡಿದು ಜೈಲಿಗೆ ಹಾಕಿಸುತ್ತಾನೆ. ವಿಷಯ ತಿಳಿದ ರಾಜ ಇವನನ್ನೂ ಒಳಗೆ ಹಾಕಿಸುತ್ತಾನೆ.

ಈ ಕಥೆಯನ್ನು ಎಲ್ಲರೂ ‘ನೀನೂ ಕ್ಷಮಿಸು’ ಅನ್ನುವ ನೀತಿಗೆ ಹೇಳುತ್ತಾರೆ. ಸರಿಯೇ. ಆದರೆ ನನ್ನ ಗಮನ ಹೋಗುವುದು ರಾಜನ ಖಜಾನೆಯ ಕಡೆಗೆ. ಆ ಆರು ಕೋಟಿ ಕೂಲಿ ಎಲ್ಲಿ ಹೋಯಿತು? 2008ರ ಕೇಂದ್ರ ಬಜೆಟ್ಟಿನಲ್ಲಿ ರೈತರ 60,000 ಕೋಟಿ ರೂಪಾಯಿ ಸಾಲಮನ್ನಾ ಘೋಷಣೆಯಾದದ್ದು ನೆನಪಿರಬಹುದು. ಆ ಸಾಲ ಗಾಳಿಯಲ್ಲಿ ಕರಗಿ ಹೋಗಲಿಲ್ಲ. ಬ್ಯಾಂಕುಗಳಿಗೆ ಸರ್ಕಾರ ತುಂಬಿಕೊಡಬೇಕಾಯಿತು. ಸಾಲಗಾರನ ಪುಸ್ತಕದಲ್ಲಿ ಸೊನ್ನೆ ಬಿತ್ತು ಅಂದರೆ ಇನ್ನೊಬ್ಬರ ಪುಸ್ತಕದಲ್ಲಿ ನಷ್ಟ ಬಿತ್ತು ಅಂತಲೇ ಅರ್ಥ. ರಾಜನ ಮನ್ನಾವೂ ಅಷ್ಟೇ, ನಷ್ಟ ರಾಜನದ್ದು.

ಕ್ರೈಸ್ತರು ಶಿಲುಬೆಯಲ್ಲಿ ಕಾಣುವುದು ಇದನ್ನೇ ಅಂತ ನನ್ನ ತಿಳಿವಳಿಕೆ. ಸಾಲ ಕೊಟ್ಟವನೇ ನಷ್ಟ ಹೊತ್ತುಕೊಂಡ. ಇಲ್ಲಿ ಬಲಿಯ ದಿಕ್ಕೇ ತಿರುಗಿದೆ. ಮನುಷ್ಯ ದೇವರಿಗೆ ಕೊಡುವ ಬದಲು ದೇವರು ಮನುಷ್ಯನಿಗಾಗಿ ತನ್ನನ್ನೇ ಕೊಟ್ಟ ಅನ್ನುತ್ತಾರೆ ಅವರು. ‘ಇನ್ನು ಕುರಿ ಹೋತ ಬೇಡ, ಒಂದು ಸಲಕ್ಕೆ ಎಲ್ಲಾ ಮುಗಿಯಿತು’ ಅನ್ನುವ ನಂಬಿಕೆ ಬಂದದ್ದು ಅಲ್ಲಿಂದ. ಒಳ್ಳೆಯ ಶುಕ್ರವಾರ ಅನ್ನುವುದರ ಹಿಂದಿನ ನಂಬಿಕೆಯೂ ಇದೇ.

‘ಅದಿರಲಿ, ದೇವರು ಸರ್ವಶಕ್ತ ತಾನೆ? ಸುಮ್ಮನೆ ಕ್ಷಮಿಸಬಾರದಿತ್ತಾ, ಒಂದು ಸಾವು ಯಾಕೆ ಬೇಕಿತ್ತು?’ ಅಂತ ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಕ್ರೈಸ್ತರೇ ಒಂದು ಸಾವಿರ ವರ್ಷದಿಂದ ಕೇಳುತ್ತಿದ್ದಾರೆ. 1098ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ ‘ದೇವರು ಮನುಷ್ಯನಾದದ್ದು ಯಾಕೆ’ ಅಂತ ಒಂದು ಗ್ರಂಥ ಮುಗಿಸಿದ. ಬಾಕಿ ಇರುವವನು ಮನುಷ್ಯ, ತೀರಿಸುವ ಶಕ್ತಿ ಇರುವುದು ದೇವರಿಗೆ, ಹಾಗಾಗಿ ಎರಡೂ ಆಗಿರುವವನೇ ತೀರಿಸಬೇಕು ಅನ್ನುವುದು ಅವನ ವಾದ. ಮುಂದಿನ ಶತಮಾನದಲ್ಲೇ ಪೀಟರ್ ಅಬೆಲಾರ್ಡ್ ತಕರಾರು ತೆಗೆದ. ನಿರಪರಾಧಿಯ ರಕ್ತವನ್ನು ಬೆಲೆಯಾಗಿ ಕೇಳುವುದು ಕ್ರೌರ್ಯ, ಆ ಸಾವು ತೋರಿಸುವುದು ಪ್ರೀತಿಯನ್ನು, ಅದನ್ನು ಕಂಡು ಕರಗಬೇಕಾದದ್ದು ಮನುಷ್ಯನ ಎದೆ ಅಂದ. ಪ್ರಾಚೀನ ಮಹಾಸಭೆಗಳು ಯೇಸು ಯಾರು ಅನ್ನುವ ಬಗ್ಗೆ ಗಟ್ಟಿ ತೀರ್ಮಾನ ಮಾಡಿದವು, ಆದರೆ ಆ ಸಾವು ಪಾಪವನ್ನು ಹೇಗೆ ತೊಳೆಯಿತು ಅನ್ನುವುದಕ್ಕೆ ಒಂದೇ ವಿವರಣೆಯನ್ನು ಕಡ್ಡಾಯ ಮಾಡಲಿಲ್ಲ. ‘ಅವರದ್ದು ಹೀಗೇ’ ಅಂತ ಷರಾ ಬರೆಯುವ ಮೊದಲು ನಾವು ಇದನ್ನು ತಿಳಿದಿರಬೇಕು.

ನಮ್ಮ ಗಾಂಧಿಯ ಮಾತೂ ಇಲ್ಲಿದೆ. ದಕ್ಷಿಣ ಆಫ್ರಿಕಾದಲ್ಲಿ ಒಂದು ಪಂಥದ ಕ್ರೈಸ್ತರೊಬ್ಬರು ಅವರಿಗೆ, ಪಾಪ ಹೇಗೂ ತಪ್ಪಿದ್ದಲ್ಲ, ಯೇಸು ಎಲ್ಲಾ ಹೊತ್ತಾಗಿದೆ, ಆ ಭಾರ ಅವನ ಮೇಲೆ ಹಾಕಿ ನಿಶ್ಚಿಂತೆಯಿಂದಿರಿ ಅಂದರಂತೆ. ತನಗೆ ಬೇಕಾದದ್ದು ಪಾಪದ ಫಲದಿಂದ ಬಿಡುಗಡೆಯಲ್ಲ, ಪಾಪದಿಂದಲೇ ಬಿಡುಗಡೆ ಅಂತ ಗಾಂಧಿ ಉತ್ತರ ಕೊಟ್ಟರು. ಎಲ್ಲಾ ಕ್ರೈಸ್ತರೂ ಹಾಗೆ ನಂಬುವವರಲ್ಲ ಅನ್ನುವುದನ್ನೂ ಆತ್ಮಕಥೆಯಲ್ಲಿ ಅಲ್ಲೇ ಬರೆದಿದ್ದಾರೆ. ನಾನು ಗಾಂಧಿಯ ಪಕ್ಷ. ಸ್ವಾರಸ್ಯ ಏನೆಂದರೆ ಕೆಥೊಲಿಕ್ ಸಭೆಯ ಅಧಿಕೃತ ಬೋಧನೆಯೂ ಹೆಚ್ಚುಕಡಿಮೆ ಅದೇ ಕಡೆಗಿದೆ. ಪಾಪನಿವೇದನೆಯಲ್ಲಿ ಕ್ಷಮೆ ಸಿಕ್ಕಿದರೂ ಪಾಪದಿಂದಾದ ಹಾನಿ ಸರಿಯಾಗುವುದಿಲ್ಲ, ಕದ್ದದ್ದನ್ನು ಹಿಂದಿರುಗಿಸಬೇಕು, ಹಾಳು ಮಾಡಿದ ಹೆಸರನ್ನು ಸರಿಪಡಿಸಬೇಕು ಅನ್ನುತ್ತದೆ ಅದು. ಲೂಕನ ಸುವಾರ್ತೆಯ ಜಕ್ಕಾಯ ಸುಂಕ ವಸೂಲಿಯವರ ಮುಖ್ಯಸ್ಥ. ಅವನು ಸಾರಿ ಹೇಳಿ ಸುಮ್ಮನಾಗಲಿಲ್ಲ. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಿದ್ದರೆ ನಾಲ್ಕರಷ್ಟು ವಾಪಸ್ ಅಂದ. ‘ಪಾದ್ರಿಯ ಕಿವಿಯಲ್ಲಿ ಹೇಳಿದರೆ ಸಾಫ್’ ಅನ್ನುವವರು ಜಕ್ಕಾಯನನ್ನು ಒಮ್ಮೆ ವಿಚಾರಿಸಿಕೊಳ್ಳಬೇಕು.

ಶಾಸ್ತ್ರ ಸಾಕು. ಬದುಕಿನಲ್ಲಿ ಇದು ಹೇಗಿರುತ್ತದೆ ಅನ್ನುವುದಕ್ಕೆ ನಮ್ಮ ದೇಶದ್ದೇ ಎರಡು ಪ್ರಸಂಗ ಹೇಳುತ್ತೇನೆ.

ಸಿಸ್ಟರ್ ರಾಣಿ ಮರಿಯಾ ಕೇರಳದ ಪುಲ್ಲುವಳಿಯವರು. ಮಧ್ಯಪ್ರದೇಶದ ಉದಯನಗರದ ಸುತ್ತ ಆದಿವಾಸಿಗಳ ನಡುವೆ ಕೆಲಸ. ಸಾಲ ಕೊಟ್ಟು ಬಡ್ಡಿ ಹಿಂಡುವವರ ಹಿಡಿತದಿಂದ ಬಡವರನ್ನು ಬಿಡಿಸಿ, ಸರ್ಕಾರದ ಯೋಜನೆಗಳನ್ನು ಅವರಿಗೆ ತಲುಪಿಸಿದ್ದೇ ಇವರ ಅಪರಾಧ. 1995ರ ಫೆಬ್ರವರಿ 25ರಂದು ಇಂದೋರ್ ಕಡೆಗೆ ಹೊರಟಿದ್ದ ಬಸ್ಸಿನಲ್ಲಿ, ಪ್ರಯಾಣಿಕರ ಎದುರೇ ಸಮುಂದರ್ ಸಿಂಗ್ ಎಂಬಾತ ಚೂರಿಯಿಂದ ಇರಿದು ಇರಿದು ಕೊಂದ. ಮೈಮೇಲೆ ಐವತ್ತಕ್ಕೂ ಹೆಚ್ಚು ಗಾಯ. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಜೈಲಿನಲ್ಲಿದ್ದಾಗ ಹೆಂಡತಿ ಬಿಟ್ಟುಹೋದಳು. ಇನ್ನೊಬ್ಬರ ಮಾತು ಕೇಳಿ ಕೊಂದವನಿಗೆ, ಹೊರಬಂದ ಮೇಲೆ ತನ್ನನ್ನು ಎತ್ತಿಕಟ್ಟಿದವರನ್ನು ಮುಗಿಸುವ ಯೋಚನೆಯಂತೆ. 2002ರ ರಕ್ಷಾಬಂಧನಕ್ಕೆ ರಾಣಿ ಮರಿಯಾ ಅವರ ಸ್ವಂತ ತಂಗಿ, ಅವರೂ ಸಿಸ್ಟರೇ, ಸೆಲ್ಮಿ ಪೌಲ್, ಜೈಲಿಗೆ ಹೋಗಿ ಅಕ್ಕನನ್ನು ಕೊಂದ ಆ ಕೈಗೆ ರಾಖಿ ಕಟ್ಟಿದರು. ಮನೆಯವರು ಅವನ ಬಿಡುಗಡೆಗೆ ಮನವಿ ಕೊಟ್ಟರು. 2006ರಲ್ಲಿ ಹೊರಬಂದ. ಮುಂದೆ ಅವನು ಕೇರಳದ ಆ ಮನೆಗೇ ಹೋದಾಗ ತಾಯಿ ಎಲೀಶ್ವಾ ಅವನ ಕೈಗಳಿಗೆ ಮುತ್ತಿಟ್ಟರು, ಆ ಕೈಗೆ ತನ್ನ ಮಗಳ ರಕ್ತ ತಾಗಿದೆ ಅಂತ.

ಓದಿದಾಗ ನನಗೆ ಮೈ ಜುಮ್ಮೆಂದಿತು. ಇದನ್ನು ಹೇಡಿತನ ಅನ್ನುವುದಾದರೆ ಧೈರ್ಯ ಅನ್ನುವುದಕ್ಕೆ ಬೇರೆ ಪದವನ್ನೇ ಹುಡುಕಬೇಕು! ಆ ತಾಯಿಗೆ ಮಗಳು ವಾಪಸ್ ಬರಲಿಲ್ಲ. ಮಗಳು ಹೋದ ನೋವಿನ ಜೊತೆಗೆ, ಆ ನೋವನ್ನು ದ್ವೇಷವಾಗಿ ಬಳಸಿಕೊಳ್ಳುವ ಹಕ್ಕನ್ನೂ ಆಕೆ ಬಿಟ್ಟುಕೊಟ್ಟರು. ಎರಡು ನಷ್ಟ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ‘ಪುನೀತೆ’ ಎಂದು ಘೋಷಿಸಲಾಯಿತು. ಸಂತ ಪದವಿಗೆ ಅದು ಒಂದು ಮೆಟ್ಟಿಲು ಕೆಳಗೆ.

ಎರಡನೆಯದು ನಿಮಗೆ ಗೊತ್ತಿರುವುದೇ. 1999ರ ಜನವರಿ 22ರ ರಾತ್ರಿ, ಬೆಳಗಾದರೆ 23, ಒಡಿಶಾದ ಮನೋಹರಪುರದಲ್ಲಿ ಗಾಡಿಯೊಳಗೆ ಮಲಗಿದ್ದ ಗ್ರಹಾಂ ಸ್ಟೇನ್ಸ್ ಮತ್ತು ಪುಟ್ಟ ಗಂಡುಮಕ್ಕಳಾದ ಫಿಲಿಪ್, ತಿಮೊಥಿಯನ್ನು ಜೀವಂತ ಸುಟ್ಟರು. ಆಸ್ಟ್ರೇಲಿಯಾದಿಂದ 1965ರಲ್ಲಿ ಬಂದು ಬಾರಿಪದಾದಲ್ಲಿ ಕುಷ್ಠರೋಗಿಗಳ ಸೇವೆ ಮಾಡಿಕೊಂಡಿದ್ದವರು ಅವರು. ಹೆಂಡತಿ ಗ್ಲಾಡಿಸ್, ಕೊಂದವರನ್ನು ಕ್ಷಮಿಸಿದ್ದೇನೆ ಅಂದರು. ಅಂದು ಊರು ಬಿಟ್ಟು ಹೋಗಲಿಲ್ಲ, ಅದೇ ಕುಷ್ಠಾಶ್ರಮವನ್ನು 2004ರವರೆಗೆ ನಡೆಸಿದರು. 2005ರಲ್ಲಿ ಪದ್ಮಶ್ರೀ ಬಂತು.

ಆದರೆ ಅವರು ಇನ್ನೊಂದು ಮಾತೂ ಹೇಳಿದ್ದರು. ನನ್ನ ಕ್ಷಮೆ ಬೇರೆ, ಕಾನೂನಿನ ದಾರಿ ಬೇರೆ, ಎರಡನ್ನು ಕಲಸಬಾರದು ಅಂತ. ಕೇಸು ನಡೆಯಿತು. 2003ರಲ್ಲಿ ದಾರಾ ಸಿಂಗನಿಗೆ ಮರಣದಂಡನೆ, 2005ರಲ್ಲಿ ಒಡಿಶಾ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು, 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಇನ್ನೊಬ್ಬ ಅಪರಾಧಿ ಮಹೇಂದ್ರ ಹೆಂಬ್ರಮ್ ಸನ್ನಡತೆಯ ಮೇಲೆ 2025ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ. ಶಿಕ್ಷೆ ಕೊಟ್ಟದ್ದೂ ಸರ್ಕಾರದ ವ್ಯವಸ್ಥೆ, ಬಿಟ್ಟದ್ದೂ ಅದೇ. ಗ್ಲಾಡಿಸ್ ಅವರ ಕ್ಷಮೆ ಈ ಫೈಲಿನಲ್ಲಿ ಎಲ್ಲೂ ರಸೀದಿಯಾಗಿ ಬಳಕೆಯಾಗಲಿಲ್ಲ.

ಇಷ್ಟು ಬರೆಯುವಾಗ ನಮ್ಮ ಎದುರು ಮನೆಯ ಬಾಯಮ್ಮ ನೆನಪಾಗುತ್ತಾರೆ. ಹತ್ತಿರ ಹತ್ತಿರ ಎಪ್ಪತ್ತು ವರ್ಷ, ಬಜ್ಪೆ ಕಡೆಯವರು. ಕೆಲವು ವರ್ಷಗಳ ಹಿಂದೆ ಅವರ ಕಣ್ಣೆದುರೇ, ಬಸ್‌ಸ್ಟಾಪಿನಲ್ಲಿ ನಿಂತಿದ್ದ ಮಗನ ಮೇಲೆ ಕುಡಿದು ಓಡಿಸುತ್ತಿದ್ದವನೊಬ್ಬ ಕಾರು ಹತ್ತಿಸಿದ. ಹುಡುಗ ಉಳಿಯಲಿಲ್ಲ. ಕೋರ್ಟಿನಲ್ಲಿ ಸಾಕ್ಷಿ ಹೇಳುವ ದಿನ ಹತ್ತಿರ ಬಂದಾಗ ಆ ಕಡೆಯ ಹಿರಿಯರು ಮನೆಗೆ ಬಂದರು. ಜೊತೆಗೆ ಇವರದ್ದೇ ಸಮುದಾಯದ ಒಬ್ಬರು. ‘ನೀವು ಕ್ಷಮಿಸುವ ಧರ್ಮದವರು. ಹುಡುಗನಿಗೆ ಇನ್ನೂ ಸಣ್ಣ ಪ್ರಾಯ. ಸರಿಯಾಗಿ ಕಾಣಲಿಲ್ಲ ಅಂತ ಒಂದು ಮಾತು ಹೇಳಿಬಿಡಿ’ ಅಂತ. ಬಾಯಮ್ಮ ಅವರಿಗೆ ಚಾ ಕೊಟ್ಟು, ಬರಲಿಕ್ಕಾಗುವುದಿಲ್ಲ, ನೀವು ಹೊರಡಿ ಅಂತ ಕಳಿಸಿದರು. ಸಂಜೆ ನಾನೂ ನನ್ನಾಕೆಯೂ ಹೋದಾಗ ಅಂದರು, ‘ಅವನನ್ನು ನಾನು ಕ್ಷಮಿಸಲಿಕ್ಕೆ ದಿನಾ ತೇರ್ಸ ಮಾಡುವಾಗ ಬೇಡಿಕೊಳ್ತೇನೆ ಮಾರಾಯಾ. ಕೆಲವು ದಿನ ಆಗ್ತದೆ, ಕೆಲವು ದಿನ ಆಗುವುದಿಲ್ಲ. ಆದ್ರೆ ಕಂಡದ್ದನ್ನು ಕಾಣ್ಲಿಲ್ಲ ಅಂತ ಹೇಳಿದ್ರೆ ಅದು ಕ್ಷಮೆ ಅಲ್ಲ, ಸುಳ್ಳು.’

ನಾನು ಓದಿದ ಆನ್ಸೆಲ್ಮ್, ಅಬೆಲಾರ್ಡ್ ಎಲ್ಲರೂ ಆ ಮಾತಿನ ಮುಂದೆ ಸ್ವಲ್ಪ ಸಣ್ಣವರಾಗಿ ಕಂಡರು. ಬಾಯಮ್ಮ ಕೋರ್ಟಿಗೆ ಹೋದರು, ಕಂಡದ್ದನ್ನು ಹೇಳಿದರು. ಆ ಸಲದ ಕ್ರಿಸ್ಮಸ್ಸಿಗೆ ಕುಸ್ವಾರ್ ಮಾಡಲಿಲ್ಲ. ಮುಂದಿನ ವರ್ಷ ಮಾಡಿದರು.

ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಕ್ಷಮೆ ಅನ್ನುವ ಈ ದೊಡ್ಡ ವಸ್ತುವನ್ನು ನಾವು ತೀರಾ ಅಗ್ಗಕ್ಕೆ ಮಾರುತ್ತಿದ್ದೇವೆ. ಜರ್ಮನಿಯ ಪಾದ್ರಿ ಡೀಟ್ರಿಶ್ ಬಾನ್‌ಹಾಫರ್ 1937ರ ತನ್ನ ಪುಸ್ತಕದಲ್ಲಿ ‘ಅಗ್ಗದ ಕೃಪೆ’ ಅಂತಲೇ ಹೆಸರಿಟ್ಟು ಬೈದಿದ್ದ. ಪಶ್ಚಾತ್ತಾಪ ಇಲ್ಲದೆ ಹಂಚುವ ಕ್ಷಮೆ ಅದು. ಹಿಟ್ಲರನ ವಿರೋಧಿಯಾಗಿದ್ದ ಆತನನ್ನು 1945ರ ಏಪ್ರಿಲ್‌ನಲ್ಲಿ ಗಲ್ಲಿಗೇರಿಸಿದರು. ಬೆಲೆ ತೆತ್ತವನ ಮಾತು ಅದು.

ಅಗ್ಗದ ಮಾರಾಟದಲ್ಲಿ ಚರ್ಚುಗಳೂ ಹಿಂದೆ ಬಿದ್ದಿಲ್ಲ. 2018ರ ಆಗಸ್ಟಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಗ್ರ್ಯಾಂಡ್ ಜ್ಯೂರಿ ವರದಿ ಹೊರಬಂತು. 300ಕ್ಕೂ ಹೆಚ್ಚು ಪಾದ್ರಿಗಳ ಮೇಲೆ ಆರೋಪ, ಗುರುತಿಸಬಹುದಾದ ಸಂತ್ರಸ್ತ ಮಕ್ಕಳೇ 1,000ಕ್ಕೂ ಹೆಚ್ಚು. ದಶಕಗಳ ಕಾಲ ಮುಚ್ಚಿಟ್ಟದ್ದು. ಅಂದಿನ ಪೋಪ್ ಫ್ರಾನ್ಸಿಸ್ ಅದೇ ತಿಂಗಳು ಜಗತ್ತಿನ ಕೆಥೊಲಿಕರಿಗೆಲ್ಲ ಪತ್ರ ಬರೆದು ನಾಚಿಕೆಯಿಂದ ಒಪ್ಪಿಕೊಂಡರು. ಕ್ಷಮೆಯ ಬೋಧನೆಯನ್ನೇ ಹೊದಿಕೆ ಮಾಡಿಕೊಂಡು ತಪ್ಪಿತಸ್ಥನನ್ನು ಇನ್ನೊಂದು ಊರಿಗೆ ವರ್ಗ ಮಾಡಿದರೆ ಅದು ಯೇಸುವಿನ ಕ್ಷಮೆಯಾಗುವುದು ಹೇಗೆ? ಪೆಟ್ಟು ತಿಂದದ್ದು ಮಗು, ಕ್ಷಮಿಸಿದ್ದು ಆಫೀಸು!

ನಮ್ಮ ಮನೆಗಳಲ್ಲೂ ನೋಡಿ. ಕುಡಿದು ಹೊಡೆಯುವ ಗಂಡನನ್ನು ‘ಈ ಸಲ ಕ್ಷಮಿಸಿಬಿಡಮ್ಮಾ, ಹೆಂಗಸರು ಭೂಮಿತಾಯಿ ಇದ್ದ ಹಾಗೆ’ ಅಂತ ಮಗಳಿಗೆ ಹೇಳುವ ತಾಯಂದಿರು ಎಷ್ಟಿಲ್ಲ? ಧರ್ಮ ಬೇರೆ, ಆಟ ಒಂದೇ. ಬಲಿಯ ಬಗ್ಗೆ ಮಾತಾಡುವವರು ಯಾರನ್ನು ಬಲಿ ಕೊಡುತ್ತಿದ್ದಾರೆ ಅಂತ ನೋಡಬೇಕು. ತನ್ನನ್ನು ತಾನೇ ಕೊಟ್ಟುಕೊಂಡರೆ ತ್ಯಾಗ. ಇನ್ನೊಬ್ಬರನ್ನು ತಳ್ಳಿದರೆ ಅದು ಹಳೆಯ ಹೋತದ ಕಥೆಯೇ, ತಲೆ ಮೇಲೆ ಪಾಪ ಹೊರಿಸಿ ಕಾಡಿಗೆ ಅಟ್ಟುವುದು.

ಶಿಲುಬೆಯ ಮೇಲಿಂದ ಕೊಲ್ಲುವವರ ಪರವಾಗಿ ಕ್ಷಮೆ ಬೇಡಿದವರು ಯೇಸು. ಮೊಳೆ ಹೊಡೆಸಿಕೊಂಡಿದ್ದವರೂ ಅವರೇ. ಕೆಳಗೆ ನಿಂತಿದ್ದ ಯಾರೂ ‘ಕ್ಷಮಿಸಿಬಿಡಪ್ಪಾ, ಏನೋ ಗೊತ್ತಿಲ್ಲದೆ ಮಾಡ್ತಿದ್ದಾರೆ’ ಅಂತ ಅವರಿಗೆ ಬುದ್ಧಿ ಹೇಳಲಿಲ್ಲ. ಗ್ಲಾಡಿಸ್, ಸೆಲ್ಮಿ, ಎಲೀಶ್ವಾ ಮೂವರೂ ಗಾಯ ತಿಂದ ಮನೆಯವರು. ಕ್ಷಮಿಸುವ ಅಧಿಕಾರ ಅವರಿಗಿತ್ತು, ಕ್ಷಮಿಸದೇ ಇರುವ ಅಧಿಕಾರವೂ ಇತ್ತು. ಬಾಯಮ್ಮನಿಗೆ ಆಗದ ದಿನಗಳೂ ಅಷ್ಟೇ ಮರ್ಯಾದೆಯವು. ತಪ್ಪು ಮಾಡಿದವನು ಮಾಡಬೇಕಾದ ಕೆಲಸ ಜಕ್ಕಾಯನದ್ದು, ಒಪ್ಪಿಕೊಂಡು ಹಿಂದಿರುಗಿಸುವುದು. ಕೋರ್ಟಿನ ಕೆಲಸ ನ್ಯಾಯ. ಪಕ್ಕದಲ್ಲಿ ನಿಂತ ನಮ್ಮಂಥವರ ಕೆಲಸ, ನೊಂದವರ ಮನೆಗೆ ಹೋದಾಗ ಉಪದೇಶವನ್ನು ಚಪ್ಪಲಿಯ ಜೊತೆ ಹೊರಗೇ ಬಿಡುವುದು.

ನಿಮ್ಮ ಅಕ್ಕಪಕ್ಕದಲ್ಲೂ ಯಾರಿಗಾದರೂ ‘ಕ್ಷಮಿಸಿಬಿಡು’ ಅಂತ ಒತ್ತಾಯ ನಡೆಯುತ್ತಿರಬಹುದು. ಆ ಮನ್ನಾದ ನಷ್ಟ ಯಾರ ಖಾತೆಗೆ ಹೋಗುತ್ತದೆ ಅಂತ ಒಂದು ಸಲ ಕೇಳಿ ನೋಡಿ. ಕೇಳುವುದಕ್ಕೇನೂ ಖರ್ಚಿಲ್ಲ, ಏನಂತೀರಿ?